ಫಾಸ್ಟೆಕ್ಸ್ ಎಕ್ಸ್-15: ಮೂರನೇ ಟ್ರ್ಯಾಕಿನಲ್ಲಿದ್ದ ಅಪ್ಪನ ಪಿಟೀಲು

ಮೊದಲು ಸಾಮಾನಿನ ವಿವರ ಹೇಳಿಬಿಡುತ್ತೇನೆ. ಇದು ಫಾಸ್ಟೆಕ್ಸ್ ಎಕ್ಸ್-15. ಜಪಾನಿನದು, 1983ರಲ್ಲಿ ಬಂದದ್ದು. ಮಾಮೂಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್‌ಗಳನ್ನು, ಅಂದರೆ ದನಿಯ ನಾಲ್ಕು ಗೆರೆಗಳನ್ನು, ಬೇರೆ ಬೇರೆಯಾಗಿ ರೆಕಾರ್ಡ್ ಮಾಡುವ ಪೆಟ್ಟಿಗೆ. ಕಳೆದ ಡಿಸೆಂಬರಿನಲ್ಲಿ ಅಣ್ಣ ನ್ಯೂಜೆರ್ಸಿಯಿಂದ ಬರುವಾಗ ಸ್ವೆಟರಿನಲ್ಲಿ ಸುತ್ತಿ, ಕೈಚೀಲದಲ್ಲೇ ಇಟ್ಟುಕೊಂಡು ತಂದ. ಅಲ್ಲಿ ಹಳೇ ಸಾಮಾನು ಮಾರುವ ಒಬ್ಬರ ಹತ್ತಿರ 180 ಡಾಲರಿಗೆ ಸಿಕ್ಕಿತು. ಮೈಸೂರಿನಲ್ಲಿ ರಿಪೇರಿಗೆ 2,600 ರೂಪಾಯಿ ಆಯಿತು. ನಾಲ್ಕು ತಿಂಗಳಿಂದ ನಮ್ಮ ಊಟದ ಮೇಜಿನ ಒಂದು ತುದಿಯಲ್ಲಿ ಕೂತಿದೆ. ಇಷ್ಟು ದಿನ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಇದನ್ನು ತರಿಸಿದ್ದು ಒಂದೇ ಒಂದು ಕ್ಯಾಸೆಟ್ಟಿಗಾಗಿ.

ಅಮ್ಮನ ಗಾದ್ರೆಜ್ ಬೀರುವಿನಲ್ಲಿ, ಮದುವೆ ಸೀರೆಗಳ ಕೆಳಗೆ, ಒಂದು ಕ್ಯಾಸೆಟ್ ಇತ್ತು. 60 ನಿಮಿಷದ್ದು, ಕ್ರೋಮ್ ಅನ್ನುವ ಮೇಲ್ದರ್ಜೆಯ ಟೇಪು. ಅದರಲ್ಲಿ ಅಮ್ಮ ಹಾಡಿದ ಮೂರು ದೇವರನಾಮ, ಎರಡು ಆರತಿ ಹಾಡು. ವರ್ಷಗಟ್ಟಲೆ ನಮ್ಮ ಟೂ-ಇನ್-ವನ್ನಿನಲ್ಲಿ ಹಾಕಿ ಕೇಳಿದ್ದೇವೆ. ಅದರಲ್ಲಿ ಒಂದು ವಿಚಿತ್ರ ಇತ್ತು. ಎಡಗಡೆ ಸ್ಪೀಕರಿನಲ್ಲಿ ಬರೀ ಶ್ರುತಿಪೆಟ್ಟಿಗೆ. ಬಲಗಡೆ ಸ್ಪೀಕರಿನಲ್ಲಿ ಬರೀ ಅಮ್ಮ. ಕ್ಯಾಸೆಟ್ ತಿರುಗಿಸಿ ಹಾಕಿದರೆ ಎಡಗಡೆ ಸುಮ್ನೆ ಸರ್ ಅನ್ನೋ ಸದ್ದು. ಬಲಗಡೆ, ಗಾಳಿಗೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ ಏನೋ ಒಂದು. ಟೇಪು ಕೆಟ್ಟಿದೆ ಅಂದುಕೊಂಡು ಆ ಬದಿಯನ್ನು ಯಾರೂ ಕೇಳುತ್ತಲೇ ಇರಲಿಲ್ಲ.

ಎರಡು ವರ್ಷದ ಹಿಂದೆ ಬೀರು ಒರೆಸುವಾಗ ಕ್ಯಾಸೆಟ್ಟಿನ ಒಳಗಿನ ಚೀಟಿ ಬಿಡಿಸಿ ನೋಡಿದೆ. ಅಣ್ಣನ ಅಕ್ಷರ. ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದ. 1 ಶ್ರುತಿ. 2 ಅಮ್ಮ. 3 ಅಪ್ಪ. 4 ಪುಟ್ಟಿ.

ಪುಟ್ಟಿ ಅಂದರೆ ನಾನು. ಅಪ್ಪ ತೀರಿಕೊಂಡದ್ದು 1991ರಲ್ಲಿ. ಮೂವತ್ತು ವರ್ಷ ಪಿಟೀಲು ನುಡಿಸಿದ ಮನುಷ್ಯ, ಆದರೆ ಅವರ ಒಂದು ರೆಕಾರ್ಡಿಂಗೂ ನಮ್ಮ ಹತ್ತಿರ ಇಲ್ಲ ಅಂತಲೇ ನಾವೆಲ್ಲ ತಿಳಿದಿದ್ದೆವು. ಆ ಚೀಟಿ ಹಿಡಿದುಕೊಂಡು ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ಆಗ ಬೆಳಗಿನ ಜಾವ. ಸ್ವಲ್ಪ ಹೊತ್ತು ಮಾತೇ ಬರಲಿಲ್ಲ ಅವನಿಗೆ. ಆಮೇಲೆ, "ಅಯ್ಯೋ, ಅದು ಫೋರ್ ಟ್ರ್ಯಾಕ್ ಕಣೇ. ಆ ಬದಿಯಲ್ಲಿ ಕಿರುಗುಟ್ಟೋದು ಅಪ್ಪನೇ" ಅಂದ.

ಇದು ಹೇಗೆ ಅಂತ ಅರ್ಥವಾಗೋಕೆ ಕ್ಯಾಸೆಟ್ ಟೇಪನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟೇಪಿನ ಅಗಲ 3.8 ಮಿಲಿಮೀಟರ್. ಮಾಮೂಲಿ ಸ್ಟೀರಿಯೋ ಕ್ಯಾಸೆಟ್ಟಿನಲ್ಲಿ ಅಷ್ಟರಲ್ಲೇ ನಾಲ್ಕು ಗೆರೆ ಇರುತ್ತವೆ. ಒಂದೊಂದೂ ಸುಮಾರು 0.6 ಮಿಲಿಮೀಟರ್. ಎರಡು ಗೆರೆ ಎ ಬದಿಯ ಎಡ-ಬಲಕ್ಕೆ, ಇನ್ನೆರಡು ಬಿ ಬದಿಗೆ. ಕ್ಯಾಸೆಟ್ ತಿರುಗಿಸಿದಾಗ ಟೇಪು ಹಿಂದುಮುಂದಾಗಿ ಓಡುತ್ತೆ, ಅಲ್ವಾ? ಅದಕ್ಕೇ ಬಿ ಬದಿಯ ಹಾಡು ಎ ಬದಿಗೆ ಉಲ್ಟಾ ದಿಕ್ಕಿನಲ್ಲಿರುತ್ತೆ. ಈ ನಾಲ್ಕು ಟ್ರ್ಯಾಕಿನ ಯಂತ್ರಗಳು ಮಾಡಿದ್ದು ಇಷ್ಟೇ. ನಾಲ್ಕೂ ಗೆರೆಗಳನ್ನು ಒಂದೇ ದಿಕ್ಕಿನಲ್ಲಿ ಬಳಸಿಕೊಂಡವು. ಹಾಗಾಗಿ ಕ್ಯಾಸೆಟ್ಟಿಗೆ ಒಂದೇ ಬದಿ. ಅದನ್ನು ಸಾಮಾನ್ಯ ಟೇಪ್ ರೆಕಾರ್ಡರಿನಲ್ಲಿ ಹಾಕಿದರೆ ಎ ಬದಿಯಲ್ಲಿ 1 ಮತ್ತು 2 ಮಾತ್ರ ಕೇಳಿಸುತ್ತೆ. ತಿರುಗಿಸಿದರೆ 3 ಮತ್ತು 4, ಆದರೆ ಹಿಂದಿನಿಂದ ಮುಂದಕ್ಕೆ. ಮೂವತ್ತೇಳು ವರ್ಷ ನಾವು ಅಪ್ಪನನ್ನು ಹಿಂದುಮುಂದಾಗಿ ಕೇಳಿ, ಕೆಟ್ಟ ಟೇಪು ಅಂತ ನಿಲ್ಲಿಸುತ್ತಿದ್ದೆವು.

ನಮ್ಮ ಪುಣ್ಯ ಇನ್ನೊಂದಿದೆ. ಆ ಕಾಲದಲ್ಲಿ ಕ್ಯಾಸೆಟ್ ಸಿಕ್ಕಿದರೆ ಸಾಕು, ರೇಡಿಯೋದಿಂದ ಏನಾದರೂ ರೆಕಾರ್ಡ್ ಮಾಡುತ್ತಿದ್ದೆವು. ಬಿ ಬದಿ ಕೆಟ್ಟಿದೆ ಅಂದುಕೊಂಡವರು ಅದರ ಮೇಲೆ ಒಂದು ಚಿತ್ರಗೀತೆ ಕಾರ್ಯಕ್ರಮ ಹಾಕಿಬಿಟ್ಟಿದ್ದರೆ 3 ಮತ್ತು 4 ಅಲ್ಲೇ ಅಳಿಸಿಹೋಗುತ್ತಿದ್ದವು. ಯಾರಿಗೂ ಹಾಗೆ ಮಾಡಬೇಕು ಅನ್ನಿಸಲಿಲ್ಲ.

ಅಣ್ಣ 1981ರಲ್ಲಿ ಅಮೆರಿಕಕ್ಕೆ ಹೋದ. ಎಡಿಸನ್ ಊರಿನಲ್ಲಿ ಕೆಲಸ. ಹಾಡು ಅಂದರೆ ಅವನಿಗೂ ಪ್ರಾಣ, ಆದರೆ ಅಲ್ಲಿ ಜೊತೆಗೆ ನುಡಿಸುವವರು ಯಾರಿದ್ದರು? ಅವನಿಗೆ ಈ ಯಂತ್ರದ ಹುಚ್ಚು ಹಿಡಿದದ್ದು ಜಾಹೀರಾತುಗಳಿಂದ. ಸಂಗೀತದ ಪತ್ರಿಕೆಗಳಿಂದ ಕತ್ತರಿಸಿದ ಹಾಳೆಗಳನ್ನು ಒಂದು ಫೈಲಿನಲ್ಲಿ ಇಟ್ಟಿದ್ದ. ಈ ಸಲ ಆ ಫೈಲನ್ನೂ ತಂದಿದ್ದಾನೆ. ಯಂತ್ರಕ್ಕಿಂತ ಜಾಸ್ತಿ ಹೊತ್ತು ನಾನು ಆ ಹಾಳೆಗಳನ್ನೇ ನೋಡಿದ್ದೇನೆ.

ಅವನ್ನು ನೋಡಿದಾಗ ನಮ್ಮಲ್ಲಿನ ರೇಡಿಯೋ ಜಾಹೀರಾತುಗಳು ನೆನಪಾದವು. ಮರ್ಫಿ ಪಾಪು ಬಾಯಿಗೆ ಬೆರಳಿಟ್ಟುಕೊಂಡು ಕ್ಯಾಲೆಂಡರಿನಲ್ಲಿ ನಗುತ್ತಿತ್ತು. ಸುಧಾ, ತರಂಗದ ಒಳಪುಟಗಳಲ್ಲಿ ಟೂ-ಇನ್-ವನ್ ಸುತ್ತ ಮನೆಮಂದಿಯೆಲ್ಲ ಕೂತಿರುತ್ತಿದ್ದರು. ನಮ್ಮಲ್ಲಿ ಮಾರುತ್ತಿದ್ದದ್ದು ಕೇಳುವ ಯಂತ್ರ. ಅಣ್ಣನ ಹಾಳೆಗಳಲ್ಲಿ ಇರುವುದು ಹಾಡುವವನ ಯಂತ್ರ. ಅಲ್ಲಿ ಮನೆಮಂದಿ ಇಲ್ಲ. ಒಬ್ಬನೇ ಒಬ್ಬ ಹುಡುಗ, ಕೋಣೆಯಲ್ಲಿ, ತೊಡೆ ಮೇಲೆ ಗಿಟಾರು, ಕಿವಿಗೆ ಹೆಡ್‌ಫೋನ್. ಮುಂದೆ ಪೆಟ್ಟಿಗೆ. ನಿನಗೆ ಬ್ಯಾಂಡ್ ಬೇಡ, ಸ್ಟುಡಿಯೋ ಬಾಡಿಗೆ ಬೇಡ, ಗಡಿಯಾರ ನೋಡಿಕೊಂಡು ಹಾಡೋದು ಬೇಡ, ಎಲ್ಲವನ್ನೂ ನೀನೇ ನುಡಿಸಬಹುದು ಅನ್ನುವ ಮಾತು ಬೇರೆ ಬೇರೆ ರೀತಿಯಲ್ಲಿ ಎಲ್ಲ ಹಾಳೆಗಳಲ್ಲೂ ಇದೆ. ಊರು ಬಿಟ್ಟು ಊರಿಗೆ ಹೋಗಿ, ಶನಿವಾರ ಭಾನುವಾರ ಗೋಡೆ ನೋಡಿಕೊಂಡು ಕೂತಿದ್ದ ನಮ್ಮಣ್ಣನಿಗೆ ಅದು ಎಷ್ಟು ನಾಟಿರಬೇಕು ಅಂತ ಈಗ ಅರ್ಥವಾಗುತ್ತೆ.

ಆ ಜಾಹೀರಾತುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಅವುಗಳ ಮಾತಿನ ಉದ್ದ. ಈಗಿನ ಹಾಗೆ ಒಂದು ಫೋಟೋ, ನಾಲ್ಕು ಪದ ಅಲ್ಲ. ಅರ್ಧ ಪುಟ ಸಣ್ಣ ಅಕ್ಷರ. ಟ್ರ್ಯಾಕ್ ಅಂದರೆ ಏನು, ಮೊದಲು ಹಾಡಿದ್ದನ್ನು ಕೇಳಿಸಿಕೊಳ್ಳುತ್ತಾ ಅದರ ಮೇಲೆ ಇನ್ನೊಂದನ್ನು ಹೇಗೆ ಸೇರಿಸುವುದು, ಮೂರು ಟ್ರ್ಯಾಕನ್ನು ಬೆರೆಸಿ ನಾಲ್ಕನೆಯದಕ್ಕೆ ಹಾಕಿ ಆ ಮೂರನ್ನು ಮತ್ತೆ ಖಾಲಿ ಮಾಡಿಕೊಳ್ಳುವುದು ಹೇಗೆ, ಎಲ್ಲ ವಿವರಿಸುತ್ತಿದ್ದರು. ಓದುವವನಿಗೆ ತಲೆ ಇದೆ, ಹೇಳಿಕೊಟ್ಟರೆ ಕಲಿಯುತ್ತಾನೆ ಅನ್ನುವ ಗೌರವ ಅದರಲ್ಲಿತ್ತು. ಕೆಳಗೆ ಕತ್ತರಿಸಿ ಅಂಚೆಗೆ ಹಾಕುವ ಕೂಪನ್. ಅಣ್ಣನ ಫೈಲಿನ ಎಷ್ಟೋ ಹಾಳೆಗಳ ಕೆಳಮೂಲೆ ಇಲ್ಲ.

ಅವು ಹೇಳದೆ ಬಿಟ್ಟದ್ದೂ ಇದೆ. ಪೆಟ್ಟಿಗೆ ಒಂದಿದ್ದರೆ ಸಾಕು ಅನ್ನಿಸುವ ಹಾಗೆ ಬರೆಯುತ್ತಿದ್ದರು. ಸಾಕಾಗುವುದಿಲ್ಲ. ಒಳ್ಳೇ ಮೈಕು ಬೇಕು, ಹೆಡ್‌ಫೋನ್ ಬೇಕು, ಕ್ರೋಮ್ ಕ್ಯಾಸೆಟ್ಟುಗಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕು ಟ್ರ್ಯಾಕ್ ಬೆರೆಸಿ ಎಲ್ಲರೂ ಕೇಳುವಂಥ ಕ್ಯಾಸೆಟ್ ಮಾಡೋಕೆ ಇನ್ನೊಂದು ಟೇಪ್ ಡೆಕ್ ಬೇಕು. ನಮ್ಮ ಮನೆಯ ಕೆಲಸ ನಿಂತದ್ದು ಅಲ್ಲೇ.

ಈ ಯಂತ್ರಗಳ ಹಿರಿಯಣ್ಣ ಟೀಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ 144. 1979ರಲ್ಲಿ ಬಂತು. ಅದಕ್ಕೆ ಮೊದಲೂ ಮನೆಯಲ್ಲಿ ನಾಲ್ಕು ಟ್ರ್ಯಾಕ್ ಮಾಡುವವರಿದ್ದರು, ಆದರೆ ದೊಡ್ಡ ಸುರುಳಿಗಳ ಭಾರದ ಯಂತ್ರ ಬೇಕಿತ್ತು, ಪಕ್ಕದಲ್ಲಿ ದನಿಗಳನ್ನು ಬೆರೆಸುವ ಮಿಕ್ಸರ್ ಬೇರೆ. ಟೀಯಾಕ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಜೇಬಿನಲ್ಲಿ ಹೋಗುವ ಕ್ಯಾಸೆಟ್ಟಿಗೆ ಇಳಿಸಿತು. ಟೇಪನ್ನು ಮಾಮೂಲಿ ವೇಗದ ಎರಡು ಪಟ್ಟು ಓಡಿಸಿತು, ನಾದ ಚೆನ್ನಾಗಿರಲಿ ಅಂತ. ಬೆಲೆ ಸುಮಾರು ಸಾವಿರ ಡಾಲರ್.

ಅಣ್ಣನ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ ಕೋಲ್ಟ್ಸ್ ನೆಕ್ ಅಂತ ಒಂದು ಊರಿದೆ. 1982ರ ಜನವರಿಯಲ್ಲಿ ಅಲ್ಲಿನ ಬಾಡಿಗೆ ಮನೆಯಲ್ಲಿ ಕೂತು ಅಮೆರಿಕದ ಹೆಸರಾಂತ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಈ 144ರ ಮೇಲೆ ಹಾಡುಗಳನ್ನು ಹಾಡಿಟ್ಟ. ಎರಡು ಮೈಕು, ಗಿಟಾರು, ಮೌತ್ ಆರ್ಗನ್ನು. ಆಮೇಲೆ ಬ್ಯಾಂಡಿನ ಜೊತೆ ದೊಡ್ಡ ಸ್ಟುಡಿಯೋದಲ್ಲಿ ಮತ್ತೆ ಹಾಡಲಿಕ್ಕೆ ಅದು ಬರೀ ಮಾದರಿ ಆಗಬೇಕಿತ್ತು. ಸ್ಟುಡಿಯೋದಲ್ಲಿ ಆ ಕಳೆ ಬರಲಿಲ್ಲ. ಕೊನೆಗೆ ಮನೆಯ ಕ್ಯಾಸೆಟ್ಟಿನಲ್ಲಿದ್ದದ್ದನ್ನೇ ಅದೇ ಸೆಪ್ಟೆಂಬರಿನಲ್ಲಿ 'ನೆಬ್ರಾಸ್ಕಾ' ಅನ್ನುವ ಆಲ್ಬಮ್ ಆಗಿ ಬಿಡುಗಡೆ ಮಾಡಿದರು. ಅಣ್ಣನ ಆಫೀಸಿನಲ್ಲಿ ಈ ಕತೆ ಎಲ್ಲರ ಬಾಯಲ್ಲೂ ಇತ್ತಂತೆ. ಅಷ್ಟು ಹತ್ತಿರದ ಊರಿನಲ್ಲಿ, ಒಂದು ಮನೆಯೊಳಗೆ ಆಗಿದ್ದು ನಮ್ಮ ಮನೆಯಲ್ಲಿ ಯಾಕಾಗಬಾರದು ಅಂತ ಅವನಿಗೆ ಅನ್ನಿಸಿದೆ. ಸಾವಿರ ಡಾಲರ್ ಅವನ ಕೈಯಲ್ಲಿರಲಿಲ್ಲ. ಫಾಸ್ಟೆಕ್ಸ್ ಈ ಎಕ್ಸ್-15ನ್ನು ಐನೂರು ಡಾಲರಿಗೂ ಒಳಗೆ ಕೊಡುತ್ತಿತ್ತು. ಪೋರ್ಟಾಸ್ಟುಡಿಯೋ ಅನ್ನೋದು ಟೀಯಾಕ್‌ನ ಹೆಸರಾದ್ದರಿಂದ ಇವರು ತಮ್ಮದನ್ನು ಮಲ್ಟಿಟ್ರ್ಯಾಕರ್ ಅಂದರು. 1985ರಲ್ಲಿ ಅಣ್ಣ ಕೊಂಡುಕೊಂಡ.

ಬೆಲೆ ಇಳಿಸೋಕೆ ಕಂಪನಿ ಕೆಲವನ್ನು ಬಿಟ್ಟುಕೊಟ್ಟಿತ್ತು. ಟೇಪು ಮಾಮೂಲಿ ವೇಗದಲ್ಲೇ, ಅಂದರೆ ಸೆಕೆಂಡಿಗೆ 4.75 ಸೆಂಟಿಮೀಟರ್ ಓಡುತ್ತೆ. ಒಂದು ಸಲಕ್ಕೆ ಎರಡೇ ಟ್ರ್ಯಾಕ್ ರೆಕಾರ್ಡ್ ಮಾಡಬಹುದು. ಸರ್ ಸದ್ದು ತಗ್ಗಿಸೋಕೆ ಡಾಲ್ಬಿ ಬಿ ಮಾತ್ರ. ಆಗ ಇವು ಕೊರತೆಗಳು. ಆದರೆ ಈ ಕೊರತೆಗಳಿಂದಲೇ ನಮ್ಮ ಟೇಪು ಉಳಿಯಿತು. ಅದು ಮಾಮೂಲಿ ವೇಗದ್ದಾಗಿದ್ದಕ್ಕೇ ಟೂ-ಇನ್-ವನ್ನಿನಲ್ಲಿ ಅಮ್ಮನ ದನಿ ಸರಿಯಾಗಿ ಕೇಳಿಸುತ್ತಿತ್ತು. ಎರಡು ಪಟ್ಟು ವೇಗದ ಟೇಪಾಗಿದ್ದರೆ ಅಮ್ಮ ಅರ್ಧ ವೇಗದಲ್ಲಿ, ಗಂಡು ದನಿಯಲ್ಲಿ ಹಾಡಿದ ಹಾಗೆ ಕೇಳಿಸಿ, ಕ್ಯಾಸೆಟ್ಟನ್ನು ಯಾವತ್ತೋ ಬಿಸಾಕುತ್ತಿದ್ದೆವೋ ಏನೋ.

1986ರ ಡಿಸೆಂಬರಿನಲ್ಲಿ ಅಣ್ಣ ರಜಕ್ಕೆ ಬಂದಾಗ ಅದನ್ನು ತಂದಿದ್ದ. ಅಲ್ಲಿನದು 110 ವೋಲ್ಟು, ನಮ್ಮದು 230. ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಬೇರೆ ತರಿಸಬೇಕಾಯಿತು. ನಾನು ಆಗ ಹಾಸನದಲ್ಲಿ ಬ್ಯಾಂಕಿನಲ್ಲಿದ್ದೆ. ಮನೆಯಲ್ಲಿ ನಡೆದದ್ದನ್ನು ಅಮ್ಮನಿಂದ, ಅಣ್ಣನಿಂದ ಈಗ ಕೇಳಿ ತಿಳಿದದ್ದು.

ಮೊದಲ ರಾತ್ರಿ, ರಸ್ತೆ ಸದ್ದು ಅಡಗಿದ ಮೇಲೆ, ಶ್ರುತಿ ಮತ್ತು ಅಮ್ಮ. ಶ್ರುತಿಪೆಟ್ಟಿಗೆಯ ತಿದಿ ಒತ್ತಿದವರು ನಮ್ಮ ಸೋದರತ್ತೆ. ಎರಡು ಮೈಕು, ಎರಡು ಟ್ರ್ಯಾಕು. ಅತ್ತೆಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದ್ದರಂತೆ, ಒಂದರ ಸದ್ದು ಇನ್ನೊಂದಕ್ಕೆ ಸೇರದಿರಲಿ ಅಂತ. ಮಾರನೇ ದಿನ ಅಪ್ಪನ ಸರದಿ. ಅಪ್ಪನಿಗೆ ಇದು ಒಗ್ಗಲೇ ಇಲ್ಲ. ಪಿಟೀಲು ಪಕ್ಕವಾದ್ಯ. ಹಾಡುವವರ ಮುಖ ನೋಡಿಕೊಂಡು, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಗಮನಿಸಿಕೊಂಡು ಹಿಂದೆಯೇ ಹೋಗಬೇಕು. ಹಾಡುವವರೂ ಇವರಿಗಾಗಿ ಒಂದು ಕ್ಷಣ ನಿಲ್ಲುತ್ತಾರೆ. ಇಲ್ಲಿ ಹೆಡ್‌ಫೋನಿನಲ್ಲಿ ನಿನ್ನೆಯ ಅಮ್ಮ ಹಾಡುತ್ತಾಳೆ. ಅವಳು ಯಾರಿಗಾಗಿಯೂ ನಿಲ್ಲುವುದಿಲ್ಲ. "ಎದುರಿಗೆ ಹಾಡೋರಿಲ್ಲದೆ ಯಾರಿಗೆ ನುಡಿಸೋದೋ?" ಅಂತ ಎರಡು ಸಲ ಹೆಡ್‌ಫೋನ್ ತೆಗೆದಿಟ್ಟರಂತೆ. ಕೊನೆಗೆ ಅಮ್ಮ ಅಡುಗೆಮನೆಯಿಂದ ಬಂದು ಎದುರಿಗೆ ಸುಮ್ನೆ ಕೂತಳು. ಹಾಡಲಿಲ್ಲ, ತಾಳ ಹಾಕಿಕೊಂಡು ಕೂತಳು. ಆಮೇಲೆ ಐದೂ ಹಾಡಿಗೆ ಒಂದೇ ಏಟಿಗೆ ನುಡಿಸಿದರು.

ಆಗ ಅಣ್ಣ ಒಂದು ಮಾತು ಕೇಳಿದ್ದನಂತೆ. ಮೂರನ್ನೂ ಬೆರೆಸಿ ನಾಲ್ಕನೆಯದಕ್ಕೆ ಹಾಕಿದರೆ ಇನ್ನೂ ಮೂರು ಟ್ರ್ಯಾಕ್ ಸಿಗುತ್ತೆ, ಮೃದಂಗವನ್ನೂ ಕರೆಸೋಣವಾ ಅಂತ. ಜಾಹೀರಾತಿನಲ್ಲಿ ಕಲಿತ ವಿದ್ಯೆ. ಅಪ್ಪ ಬೇಡ ಅಂದರು. "ಮಜ್ಜಿಗೆಗೆ ಹಾಕಿದ ಉಪ್ಪು ಮತ್ತೆ ತೆಗೆಯೋಕಾಗುತ್ತೇನೋ?" ಆ ಒಂದು ಮಾತಿಗೆ ಇವತ್ತು ಅಪ್ಪ ಬೇರೆಯಾಗಿ ಉಳಿದಿದ್ದಾರೆ.

ನಾಲ್ಕನೆಯದು ನನಗೆ. ಅಮ್ಮನ ಜೊತೆ ಎರಡನೇ ದನಿ ಹಾಡಬೇಕಿತ್ತು. ಆಗೆಲ್ಲ ಬ್ಯಾಂಕಿನ ಲೆಕ್ಕದ ವರ್ಷ ಮುಗಿಯುತ್ತಿದ್ದದ್ದು ಡಿಸೆಂಬರ್ 31ಕ್ಕೆ. ಕ್ಲೋಸಿಂಗ್ ಸಮಯದಲ್ಲಿ ರಜ ಎಲ್ಲಿ ಸಿಗಬೇಕು? ಅಣ್ಣ ಹೊರಡುವ ಮೊದಲು ನಾನು ಬರಲಾಗಲಿಲ್ಲ. ಮುಂದಿನ ಸಲ ಬಂದಾಗ ಪುಟ್ಟಿಯದನ್ನೂ ಹಾಡಿಸಿ ಬೆರೆಸಿಕೊಡುತ್ತೇನೆ ಅಂತ ಕ್ಯಾಸೆಟ್ಟನ್ನು ಇಲ್ಲೇ ಬಿಟ್ಟು, ಯಂತ್ರವನ್ನು ತೆಗೆದುಕೊಂಡು ಹೋದ. ಎರಡು ವರ್ಷದಲ್ಲಿ ಮನೆ ಬದಲಾಯಿತು, ಮಗು ಆಯಿತು, ಯಂತ್ರ ಮಾರಿದ. ಆಮೇಲೆ ಅಪ್ಪ ಹೋದರು.

ಈಗ ಯಂತ್ರದ ಸ್ಥಿತಿಗತಿ. ಕೊಳ್ಳಬೇಕು ಅನ್ನುವವರು ಇದನ್ನು ಗಮನವಿಟ್ಟು ಓದಿ.

ಮಾರಿದವರು ಚೆನ್ನಾಗಿ ನಡೆಯುತ್ತೆ ಅಂದಿದ್ದರು. ದೀಪ ಹತ್ತುತ್ತಿತ್ತು, ಅಷ್ಟೇ. ನಮ್ಮ ಟೇಪನ್ನು ಹಾಕುವ ಮೊದಲು ಬೇಡದ ಒಂದು ಕ್ಯಾಸೆಟ್ ಹಾಕಿ ನೋಡಿದೆವು. ಹತ್ತು ಸೆಕೆಂಡಿನಲ್ಲಿ ಟೇಪನ್ನು ಒಳಗೆ ಸುತ್ತಿಕೊಂಡಿತು. ಬಿಡಿಸಿ, ನಟರಾಜ್ ಪೆನ್ಸಿಲ್ ಹಾಕಿ ಸುತ್ತಿ ಸರಿಮಾಡುವಾಗ ನನ್ನ ಕೈ ನಡುಗುತ್ತಿತ್ತು. ಇದು ಅಪ್ಪನ ಟೇಪಾಗಿದ್ದರೆ? ದಯವಿಟ್ಟು ಹಳೇ ಯಂತ್ರಕ್ಕೆ ಮೊದಲ ದಿನವೇ ನಿಮ್ಮ ಅಮೂಲ್ಯ ಟೇಪು ಹಾಕಬೇಡಿ.

ಮೈಸೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಈಗ ಅಂಗಡಿ ಮುಚ್ಚಿ ಮನೆಯಲ್ಲೇ ಮಾಡುತ್ತಾರೆ. ಮುಚ್ಚಳ ಬಿಚ್ಚಿ, ಬೆರಳು ತೋರಿಸಿದರು. ಕಪ್ಪು ಅಂಟು. "ಬೆಲ್ಟ್ ಕರಗಿ ಟಾರ್ ಆಗಿದೆ ನೋಡಿ ಮೇಡಂ." ಇದು ಕಂಪನಿಯ ತಪ್ಪಲ್ಲ. ನಲವತ್ತು ವರ್ಷದ ರಬ್ಬರು ಯಾವ ಯಂತ್ರದಲ್ಲಿದ್ದರೂ ಒಂದೋ ಗಟ್ಟಿಯಾಗುತ್ತೆ, ಇಲ್ಲ ಕರಗುತ್ತೆ. ಅಂಟನ್ನು ಕಿವಿ ಕಡ್ಡಿಯಲ್ಲಿ ತೆಗೆಯೋಕೆ ಅವರಿಗೆ ಒಂದು ಮಧ್ಯಾಹ್ನ ಹಿಡಿಯಿತು. ದಾರ ಸುತ್ತಿ ಅಳತೆ ತೆಗೆದು ಬೆಂಗಳೂರಿನ ಎಸ್.ಪಿ. ರೋಡಿನಿಂದ ಬೆಲ್ಟ್ ತರಿಸಿದರು. ಟೇಪನ್ನು ಒತ್ತಿ ಎಳೆಯುವ ರಬ್ಬರ್ ರೋಲರನ್ನು ತೊಳೆದರು. ಟೇಪಿನಿಂದ ದನಿ ಓದುವ ಹೆಡ್ ಒರೆಸೋಕೆ ಐಸೊಪ್ರೊಪೈಲ್ ಆಲ್ಕೋಹಾಲೇ ಆಗಬೇಕು ಅಂದರು. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ಎಣ್ಣೆಯ ಅಂಶ ಇರುತ್ತೆ. ನಾಬ್‌ಗಳು ತಿರುಗಿಸಿದಾಗ ಕರಕರ ಅನ್ನುತ್ತಿದ್ದವು, ಒಂದು ಸ್ಪ್ರೇ ಹೊಡೆದು ಹತ್ತು ಸಲ ತಿರುಗಿಸಿದ ಮೇಲೆ ನಿಂತಿತು.

ಕ್ಯಾಸೆಟ್ಟನ್ನೂ ಅವರೇ ಸರಿಮಾಡಿದರು. ಟೇಪನ್ನು ಹೆಡ್‌ಗೆ ಒತ್ತುವ ಸಣ್ಣ ಮೆತ್ತೆ ಉದುರಿಹೋಗಿತ್ತು. ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ ಬಿಚ್ಚಿ, ನಮ್ಮ ಟೇಪಿನ ಎರಡು ಸುರುಳಿಗಳನ್ನು ಅದರ ಗೂಡಿಗೆ ಇಳಿಸಿದರು. ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ವೇಗ ಸರಿ ಇದೆಯಾ ಅಂತ ನೋಡುವ ಒಂದು ಉಪಾಯ ನಮ್ಮ ಸಂಗೀತದವರಿಗೆ ಮಾತ್ರ ಸಿಗುವಂಥದ್ದು. ಅತ್ತೆಯ ಶ್ರುತಿಪೆಟ್ಟಿಗೆ ಇನ್ನೂ ಮನೆಯಲ್ಲಿದೆ. ಅದು ಐದು ಮನೆ ಶ್ರುತಿ. ಟ್ರ್ಯಾಕ್ 1ನ್ನು ಹಾಕಿ, ಪಕ್ಕದಲ್ಲಿ ಅದೇ ಪೆಟ್ಟಿಗೆ ಒತ್ತಿ, ಯಂತ್ರದ ವೇಗ ಏರಿಸಿ ಇಳಿಸುವ ಪಿಚ್ ನಾಬನ್ನು ಎರಡೂ ಒಂದಾಗುವವರೆಗೆ ತಿರುಗಿಸಿದೆವು. ಟೇಪಿನಲ್ಲಿ ಒಂದು ಚೂರು ಏರಿತ್ತು, ಇಳಿಸಿದೆವು. ಇನ್ನೂ ಒಂದು ಉಪಯೋಗ ಇದೆ. ಮೋಟಾರು ಅಲುಗಿದರೆ ಹಾಡಿನಲ್ಲಿ ಗೊತ್ತಾಗದು, ಶ್ರುತಿಯಲ್ಲಿ ತಕ್ಷಣ ಗೊತ್ತಾಗುತ್ತೆ. ಸ್ವರ ನಡುಗುತ್ತೆ. ಹಳೇ ಟೇಪ್ ಯಂತ್ರ ಕೊಳ್ಳಲು ಹೋಗುವವರು ತಂಬೂರಿಯ ಒಂದು ಕ್ಯಾಸೆಟ್ ಜೊತೆಗೆ ಒಯ್ಯಿರಿ.

ಬಳಸೋಕೆ ಹೇಗಿದೆ? ತುಂಬಾ ಸುಲಭ. ನಾಲ್ಕು ಟ್ರ್ಯಾಕಿಗೂ ಒಂದೊಂದು ದನಿಯ ನಾಬು, ಅದರ ಜೊತೆ ಎಡಕ್ಕೋ ಬಲಕ್ಕೋ ಕಳಿಸುವ ಇನ್ನೊಂದು ನಾಬು. ಬೇಕಾದ್ದನ್ನು ಏರಿಸು, ಬೇಡದ್ದನ್ನು ಇಳಿಸು. ಮೆನು ಇಲ್ಲ, ಪರದೆ ಇಲ್ಲ. 86 ವರ್ಷದ ಅಮ್ಮನಿಗೆ ಎರಡು ನಿಮಿಷದಲ್ಲಿ ಅರ್ಥವಾಯಿತು.

ನಾದದ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸರ್ ಸದ್ದು ಇದೆ, ಡಾಲ್ಬಿ ಹಾಕಿದರೂ ಇದೆ. ಪಿಟೀಲಿನ ಉದ್ದನೆಯ ಕಮಾನು ಬಂದಾಗ ಸಣ್ಣ ಅಲುಗಾಟ ಕೇಳಿಸುತ್ತೆ. ಪಕ್ಕಪಕ್ಕದ ಟ್ರ್ಯಾಕುಗಳು ಒಂದಕ್ಕೊಂದು ಸೋರುತ್ತವೆ. ಆಗಿನವರು ಬೀಟಲ್ಸ್ ಕೂಡ 1967ರಲ್ಲಿ ನಾಲ್ಕು ಟ್ರ್ಯಾಕಿನ ಮೇಲೇ ಹಾಡಿದ್ದು ಅಂತ ಹೇಳಿಕೊಂಡು ಹುರುಪು ತಂದುಕೊಳ್ಳುತ್ತಿದ್ದರಂತೆ. ನಿಜ, ಆದರೆ ಅವರ ಟೇಪಿನ ಅಗಲ ಒಂದು ಇಂಚು, ಓಟ ಸೆಕೆಂಡಿಗೆ 38 ಸೆಂಟಿಮೀಟರ್. ಈ ದಾರದಂಥ ಟೇಪಿನಲ್ಲಿ ಅದನ್ನು ನಿರೀಕ್ಷಿಸಬಾರದು. ಮನುಷ್ಯರ ದನಿಯ ನಡುಭಾಗ ಮಾತ್ರ ತುಂಬಾ ಚೆನ್ನಾಗಿ ಉಳಿದಿದೆ. ಅಮ್ಮ ಉಸಿರು ತೆಗೆದುಕೊಳ್ಳುವುದು ಕೇಳುತ್ತೆ. ಅತ್ತೆಯ ತಿದಿಯ ಕಿರುಗು ಕೇಳುತ್ತೆ.

ಟ್ರ್ಯಾಕ್ 3ನ್ನು ಏರಿಸಿದ್ದು ಜನವರಿಯ ಒಂದು ಸಂಜೆ. ಮೊದಲು ಏನೂ ಇಲ್ಲ. ಆಮೇಲೆ ತಂತಿ ಸರಿಮಾಡುವ ಸದ್ದು, ಗಂಟಲು ಸರಿಮಾಡಿಕೊಂಡ ಸದ್ದು. "ಹ್ಞೂ, ಹಾಕೋ" ಅಂತ ಅಪ್ಪ. ಆಮೇಲೆ ಮೋಹನ ರಾಗ. ಪಿಟೀಲು ಅಮ್ಮನ ಹಾಡಿನ ಹಿಂದೆ ಅರ್ಧ ಹೆಜ್ಜೆ ಬಿಟ್ಟು ಹೋಗುತ್ತೆ. ಅಮ್ಮ ಮಾತಾಡಲಿಲ್ಲ. ಎರಡನೇ ಹಾಡಿನ ನಡುವೆ ಕೈ ಚಾಚಿ ತನ್ನ ದನಿಯ ನಾಬನ್ನು ಪೂರ್ತಿ ಇಳಿಸಿದಳು. ಶ್ರುತಿ ಮತ್ತು ಪಿಟೀಲು ಮಾತ್ರ ಉಳಿದವು. ಐದನೇ ಹಾಡು ಮುಗಿಯುವವರೆಗೆ ಹಾಗೇ ಕೇಳಿದಳು.

ಈ ಕೆಲಸಕ್ಕೆ ಯಂತ್ರ ಕೊಳ್ಳಲೇಬೇಕಾ? ಬೇಕಿಲ್ಲ, ಅದನ್ನೂ ಹೇಳಬೇಕು. ನಿಮ್ಮ ಟೇಪು ಎಕ್ಸ್-15ರಂಥ ಮಾಮೂಲಿ ವೇಗದ ಯಂತ್ರದ್ದಾದರೆ, ಒಳ್ಳೇ ಸ್ಟೀರಿಯೋ ಡೆಕ್ ಒಂದರಿಂದ ಎ ಬದಿಯನ್ನು ಕಂಪ್ಯೂಟರಿಗೆ ತೆಗೆದುಕೊಳ್ಳಿ. 1 ಮತ್ತು 2 ಸಿಗುತ್ತವೆ. ತಿರುಗಿಸಿ ಬಿ ಬದಿ ತೆಗೆದುಕೊಂಡು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಉಲ್ಟಾ ಮಾಡಿ. 3 ಮತ್ತು 4 ಸಿಗುತ್ತವೆ. ಪೋರ್ಟಾಸ್ಟುಡಿಯೋ 144ರ ಟೇಪಾದರೆ ವೇಗವನ್ನೂ ಎರಡು ಪಟ್ಟು ಮಾಡಿಕೊಳ್ಳಬೇಕು. ಅದರ ಮುಂದಿನ 244ರಲ್ಲಿ ಸರ್ ಸದ್ದು ತಗ್ಗಿಸೋಕೆ ಡಿಬಿಎಕ್ಸ್ ಅನ್ನುವ ಬೇರೆ ಪದ್ಧತಿ ಇದೆ, ಅದನ್ನು ಬಿಡಿಸೋಕೆ ತಕ್ಕ ಉಪಕರಣ ಇಲ್ಲದಿದ್ದರೆ ನಾದ ವಿಚಿತ್ರವಾಗಿ ಏರಿಳಿಯುತ್ತೆ. ಎರಡು ಬದಿಗಳನ್ನು ಬೇರೆ ಬೇರೆ ಸಲ ತೆಗೆದುಕೊಂಡಾಗ ಒಂದಕ್ಕೊಂದು ಕೂಡಿಸುವುದು ಸ್ವಲ್ಪ ತಾಳ್ಮೆಯ ಕೆಲಸ. ಯಂತ್ರ ಇದ್ದರೂ ನಾವು ಎರಡು ಸಲವೇ ತೆಗೆದೆವು. ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಮೊದಲು 1-2, ಆಮೇಲೆ 3-4. ಅಣ್ಣ ರಾತ್ರಿಯೆಲ್ಲ ಕೂತು ತಾಳಕ್ಕೆ ಸರಿಯಾಗಿ ಹೊಂದಿಸಿದ.

ಹೊಸದಾಗಿ ಹಾಡು ರೆಕಾರ್ಡ್ ಮಾಡೋಕೆ ಈ ಯಂತ್ರವನ್ನು ನಾನು ಹೇಳುವುದಿಲ್ಲ. ಈಗಿನ ಫೋನಿನಲ್ಲೇ ಇದಕ್ಕಿಂತ ಹೆಚ್ಚು ಟ್ರ್ಯಾಕ್, ಸರ್ ಸದ್ದೇ ಇಲ್ಲದೆ ಸಿಗುತ್ತೆ. ಒಳ್ಳೇ ಕ್ರೋಮ್ ಕ್ಯಾಸೆಟ್ ಹುಡುಕುವುದೇ ಕಷ್ಟ. ಹಳೇ ಕಾಲದ ಆಸೆಗೆ ಮುನ್ನೂರು, ನಾನೂರು ಡಾಲರ್ ಕೇಳುವವರಿದ್ದಾರೆ, ಅಷ್ಟು ಕೊಡಬೇಡಿ. ಮನೆಯಲ್ಲಿ ಯಾರೋ ಹಾಡಿಟ್ಟ ನಾಲ್ಕು ಟ್ರ್ಯಾಕಿನ ಟೇಪು ಇದ್ದರೆ ಮಾತ್ರ ಕೊಳ್ಳಿ. ಬೆಲ್ಟ್ ಬದಲಾಯಿಸಿದ್ದಾರಾ ಅಂತ ಮೊದಲು ಕೇಳಿ. ರಿಪೇರಿ ಮಾಡುವವರನ್ನು ಹುಡುಕಿಕೊಂಡ ಮೇಲೆ ದುಡ್ಡು ಕೊಡಿ. ನಮಗೆ ಇದು ಕೊಟ್ಟ ದುಡ್ಡಿಗಿಂತ ತುಂಬಾ ಜಾಸ್ತಿ ಕೊಟ್ಟಿದೆ. ಒಂದೊಂದೇ ದನಿಯನ್ನು ಕೈಯಲ್ಲಿ ಏರಿಸಿ ಇಳಿಸಿ ಕೇಳುವುದು ಕಂಪ್ಯೂಟರಿನಲ್ಲೂ ಆಗುತ್ತೆ. ಆದರೆ ಅಮ್ಮ ಮೌಸ್ ಹಿಡಿಯುವುದಿಲ್ಲ.

ಟ್ರ್ಯಾಕ್ 4 ಕೇಳಿದೆ. ನನ್ನದು. ಖಾಲಿ ಇರಬೇಕಿತ್ತು, ಆದರೆ ಪೂರ್ತಿ ಖಾಲಿ ಅಲ್ಲ. ಪಕ್ಕದ ಮೂರನೇ ಟ್ರ್ಯಾಕಿನಿಂದ ಪಿಟೀಲು ಸೋರಿ ಬರುತ್ತೆ, ಬೀದಿಯ ಆ ತುದಿಯ ಮನೆಯಲ್ಲಿ ಯಾರೋ ನುಡಿಸಿದ ಹಾಗೆ. ಅಮ್ಮ, "ಖಾಲಿ ಇದೆಯಲ್ಲೇ, ಈಗ ಹಾಡಿಬಿಡು. ಅವನು ನಿನಗೆ ಅಂತಲೇ ಬಿಟ್ಟಿದ್ದು" ಅಂದಳು. ಯಂತ್ರಕ್ಕೆ ಅದು ಸಾಧ್ಯ. ಮೂರನ್ನು ಕೇಳಿಸಿಕೊಳ್ಳುತ್ತಾ ನಾಲ್ಕನೆಯದಕ್ಕೆ ಹಾಡುವುದೇ ಅದರ ಕೆಲಸ. ಆದರೆ ಗುಂಡಿ ಒತ್ತುವಾಗ ಒಂದು ಸಂಖ್ಯೆ ತಪ್ಪಿದರೆ ಅಪ್ಪ ಅಳಿಸಿಹೋಗುತ್ತಾರೆ. ಹಾಡುತ್ತೇನೆ, ಕಂಪ್ಯೂಟರಿನಲ್ಲಿರುವ ಪ್ರತಿಗೆ ಹಾಡುತ್ತೇನೆ, ಈ ಟೇಪಿಗೆ ಬೇಡ ಅಂದೆ. ಅಮ್ಮ ಒಪ್ಪಿದಳು.

ಹೊಸ ಗೂಡಿನ ಹಿಂಬದಿಯಲ್ಲಿ ಎರಡು ಪ್ಲಾಸ್ಟಿಕ್ ಹಲ್ಲು ಇದ್ದವು. ಅವನ್ನು ಮುರಿದರೆ ಅದರ ಮೇಲೆ ಯಾರೂ ರೆಕಾರ್ಡ್ ಮಾಡುವ ಹಾಗಿಲ್ಲ. ಎರಡನ್ನೂ ಮುರಿಯಬೇಕು, ಇಲ್ಲದಿದ್ದರೆ ಬೇರೆ ಡೆಕ್‌ನಲ್ಲಿ ತಿರುಗಿಸಿ ಹಾಕಿದವರು 3 ಮತ್ತು 4ನ್ನು ಅಳಿಸಿಬಿಡಬಹುದು. ಅಮ್ಮ ಬಳೆಯಿಂದ ಸೇಫ್ಟಿ ಪಿನ್ ತೆಗೆದುಕೊಟ್ಟಳು. ಒಂದು ಹಲ್ಲು ಟಕ್ ಅಂತ ಬಂತು. ಇನ್ನೊಂದಕ್ಕೆ ಚಾಕು ಬೇಕಾಯಿತು.